ಸೊಟ್ಟ ಮನೆಯ ನೇರ ಪಾಠ

ಮೇಜಿನ ಮೇಲಿಟ್ಟ ಗೋಲಿ ಏರಿನತ್ತ ಉರುಳುವುದನ್ನು ನೋಡಿದ್ದೀರಾ? ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್‌ನಲ್ಲಿ, ಹಿಮ್ಲಿ ಗ್ರಾಮದ ಬಳಿ ಇದ್ದ ‘ಕ್ರೂಕೆಡ್ ಹೌಸ್’ ಎಂಬ ಪಬ್‌ಗೆ ಹೋದವರಿಗೆ ಇಂಥ ದೃಶ್ಯ ಕಾಣುತ್ತಿತ್ತು. ಹೆಸರಿನ ಅರ್ಥವೇ ಸೊಟ್ಟ ಮನೆ. ಪಬ್ ಎಂದರೆ ಅಲ್ಲಿನ ಜನ ಸೇರಿ ಹರಟುವ ಪಾನಗೃಹ.

ಈ ಇಟ್ಟಿಗೆ ಕಟ್ಟಡವನ್ನು 1765ರಲ್ಲಿ ರೈತರ ಮನೆಯಾಗಿ ಕಟ್ಟಲಾಯಿತು. ಸುಮಾರು 1830ರಲ್ಲಿ ಅದು ಪಬ್ ಆಯಿತು. 19ನೆಯ ಶತಮಾನದ ಆರಂಭದಲ್ಲಿ ಅಲ್ಲಿ ನಡೆದ ಕಲ್ಲಿದ್ದಲು ಗಣಿಗಾರಿಕೆಯಿಂದ ನೆಲ ಕುಸಿದು, ಕಟ್ಟಡದ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 1.2 ಮೀಟರ್ ಕೆಳಗಿಳಿಯಿತು.

ಹೀಗೇಕೆ? ಕಲ್ಲಿದ್ದಲು ತೆಗೆದ ಜಾಗ ಟೊಳ್ಳಾಗುತ್ತದೆ. ಅದು ಕುಸಿದರೆ ಮೇಲಿನ ಶಿಲಾಪದರಗಳು ಬಾಗಿ, ನೆಲ ತಟ್ಟೆಯಂತೆ ತಗ್ಗುತ್ತದೆ. ತಗ್ಗಿನ ಅಂಚಿನಲ್ಲಿರುವ ಕಟ್ಟಡ ಒಂದೇ ಕಡೆಗೆ ವಾಲುತ್ತದೆ.

ವಾಲಿದರೂ ಅದು ಬೀಳಲಿಲ್ಲವೇಕೆ? ಗುರುತ್ವಕೇಂದ್ರದಿಂದ ಕೆಳಕ್ಕೆಳೆದ ಲಂಬರೇಖೆ ಕಟ್ಟಡದ ತಳದೊಳಗೇ ಬೀಳುವವರೆಗೆ ಅದು ಉರುಳದು. ಆದರೆ ಇಷ್ಟೇ ಸಾಲದು. ಇಟ್ಟಿಗೆ ಗೋಡೆ ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ವಾಲಿದ ಗೋಡೆಯ ಒಂದು ಮೈಯಲ್ಲಿ ಎಳೆತ ಹೆಚ್ಚಿದರೆ ಬಿರುಕು ಖಚಿತ. 1940ರ ದಶಕದಲ್ಲಿ ಕಟ್ಟಡ ಅಪಾಯಕಾರಿ ಎಂಬ ತೀರ್ಮಾನವಾದಾಗ, ಬಿಯರ್ ತಯಾರಿಸುವ ಕಂಪನಿಯೊಂದು ಹೊರಗಿನಿಂದ ಆನಿಕೆ ಗೋಡೆಗಳನ್ನೂ ತೊಲೆಗಳನ್ನೂ ಕೊಟ್ಟು ಅದನ್ನು ಉಳಿಸಿತು. ಆನಿಕೆ ಗೋಡೆ ವಾಲಿದ ಗೋಡೆಯ ಒತ್ತನ್ನು ನೆಲಕ್ಕೆ ದಾಟಿಸುತ್ತದೆ.

ಈಗ ಗೋಲಿಯ ವಿಷಯ. ನಿಜವಾಗಿ ಅದು ಇಳಿಜಾರಿನಲ್ಲೇ ಉರುಳುತ್ತಿತ್ತು. ಆದರೆ ಸುತ್ತಲಿನ ನೆಲ, ಕಿಟಕಿ, ಬಾಗಿಲುಗಳೆಲ್ಲ ಅದೇ ದಿಕ್ಕಿಗೆ ಇನ್ನೂ ಹೆಚ್ಚು ವಾಲಿದ್ದವು. ಕಣ್ಣು ಅವನ್ನೇ ಸಮತಲವೆಂದು ನಂಬಿದಾಗ, ಕಡಿಮೆ ವಾಲಿದ ಮೇಜು ಏರಿನಂತೆ ತೋರುತ್ತದೆ. ತೂಗುಹಾಕಿದ ದೀಪವೂ ಅಂಥ ಕೋಣೆಯಲ್ಲಿ ಓರೆಯಾಗಿ ಕಾಣುತ್ತದೆ. ನೇರವಾಗಿರುವುದು ದೀಪದ ದಾರವೊಂದೇ!

2023ರ ಆಗಸ್ಟ್ 5ರಂದು ಈ ಪಬ್‌ಗೆ ಬೆಂಕಿ ಬಿತ್ತು. ಎರಡೇ ದಿನಗಳಲ್ಲಿ ಅದನ್ನು ಕೆಡವಲಾಯಿತು. ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಮೊದಲಿದ್ದಂತೆಯೇ ಮತ್ತೆ ಕಟ್ಟಬೇಕೆಂದು ಸ್ಥಳೀಯ ಆಡಳಿತ 2024ರ ಫೆಬ್ರವರಿಯಲ್ಲಿ ಆದೇಶಿಸಿತು. ಭೂಮಿ ಮಾಡಿದ ಓರೆಯನ್ನು ಮೇಸ್ತ್ರಿ ಮತ್ತೆ ಮಾಡಬೇಕಾದರೆ, ಪ್ರತಿ ಗೋಡೆ, ಪ್ರತಿ ಕಿಟಕಿಯ ಅಳತೆ ಬೇಕು. ಕಟ್ಟಡ ಬಿದ್ದ ಮೇಲೆ ಅಳೆಯುವುದು ಹೇಗೆ?

ನಿಮ್ಮೂರಿನ ಹಳೆಯ ಕಟ್ಟಡವೊಂದರ ಗೋಡೆಯ ಪಕ್ಕ ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಡಿ. ಮೇಲೆ ಮತ್ತು ಕೆಳಗೆ ದಾರಕ್ಕೂ ಗೋಡೆಗೂ ಇರುವ ಅಂತರವನ್ನು ಅಳೆದು, ದಿನಾಂಕದೊಡನೆ ಬರೆದಿಡಿ. ಮುಂದಿನ ವರ್ಷ ಅಲ್ಲಿಯೇ ಮತ್ತೆ ಅಳೆಯಿರಿ. ಆ ಎರಡು ಸಂಖ್ಯೆಗಳ ವ್ಯತ್ಯಾಸವೇ ಗೋಡೆ ವಾಲುತ್ತಿದೆಯೇ ಇಲ್ಲವೇ ಎಂಬುದನ್ನು ಹೇಳುತ್ತದೆ.