‘ಸ್ಲಫ್’ ಎಂಬ ಪದದ ಪೂರ್ವಚರಿತ್ರೆ

ಸರ್ಪವು ಕಳಚಿ ಬಿಟ್ಟುಹೋದ ಪೊರೆಗೆ ಆಂಗ್ಲಭಾಷೆಯಲ್ಲಿ ‘ಸ್ಲಫ್’ ಎಂದು ಹೆಸರು. ಈ ಪದದ ಕೊನೆಯಲ್ಲಿ ಬರುವ ಓ-ಯು-ಜಿ-ಎಚ್ ಎಂಬ ಅಕ್ಷರಸಮೂಹವು ಒಂದೆಡೆ ‘ಅಫ್’ ಎಂದೂ ಇನ್ನೊಂದೆಡೆ ‘ಔ’ ಎಂದೂ ಮತ್ತೊಂದೆಡೆ ‘ಊ’ ಎಂದೂ ಉಚ್ಚರಿತವಾಗಿ, ಆ ಭಾಷೆಯನ್ನು ಕಲಿಯುವವರನ್ನೆಲ್ಲ ಕಂಗೆಡಿಸುವುದುಂಟು. ಇಲ್ಲಿಯಂತೂ ಉಚ್ಚಾರಣೆ ಬದಲಾದೊಡನೆ ಅರ್ಥವೂ ಬದಲಾಗಿ, ಹಾವಿನ ಪೊರೆಯಿದ್ದಲ್ಲಿ ಕೆಸರಿನ ಮಡು ಕಾಣಿಸಿಕೊಳ್ಳುವುದು.

ಮೊದಲು ವಸ್ತುವನ್ನೇ ನೋಡುವುದು ಉಚಿತ. ಹಾವಿಗೆ ರೆಪ್ಪೆಗಳಿಲ್ಲ, ಅದರ ಕಣ್ಣನ್ನು ಕಾಯುವ ಪಾರದರ್ಶಕವಾದ ಮುಚ್ಚಳವೂ ಚರ್ಮದ ಒಂದು ಭಾಗವೇ. ಪೊರೆ ಬಿಡುವ ಕಾಲ ಸಮೀಪಿಸಿದಾಗ, ಹಳೆಯ ಪದರಕ್ಕೂ ಅದರಡಿಯಲ್ಲಿ ಸಿದ್ಧವಾದ ಹೊಸ ಪದರಕ್ಕೂ ನಡುವೆ ದ್ರವವು ಒಸರುವುದರಿಂದ, ಕಣ್ಣು ಹಾಲು ಬೆರೆಸಿದ ನೀಲಿಬಣ್ಣಕ್ಕೆ ತಿರುಗಿ, ದೃಷ್ಟಿ ಮಂದವಾಗಿ, ಆ ಪ್ರಾಣಿಯು ಸಾಮಾನ್ಯವಾಗಿ ಆಹಾರವನ್ನೂ ತೊರೆದು ಮರೆಯಲ್ಲಿ ಅಡಗಿರುವುದು. ಕೆಲವು ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾಗುತ್ತದೆ. ಅನಂತರ ಹಾವು ಮೂತಿಯನ್ನು ಕಲ್ಲಿಗೋ ಬೇರಿಗೋ ಉಜ್ಜಿ, ತುಟಿಯ ಬಳಿ ಬಿರಿದ ಚರ್ಮದಿಂದ ಮುಂದಕ್ಕೆ ಸರಿಯುತ್ತ ಹೊರಬರುವಾಗ, ಪೊರೆಯು ಒಳಮೈ ಹೊರಗಾಗಿ ಮಗುಚಿಕೊಂಡು ಹಿಂದುಳಿಯುವುದು. ಅದನ್ನು ಬೆಳಕಿಗೆ ಹಿಡಿದು ನೋಡಿದರೆ ತಲೆಯ ಭಾಗದಲ್ಲಿ ಕಣ್ಣಿನ ಆ ಎರಡು ಪುಟ್ಟ ಮುಚ್ಚಳಗಳು ಇದ್ದಂತೆಯೇ ಉಳಿದಿರುವುದು ಕಾಣುತ್ತದೆ. ಕಳಚುವಾಗ ಹಿಗ್ಗಿದ್ದರಿಂದ ಪೊರೆಯು ಹಾವಿಗಿಂತ ಉದ್ದವಾಗಿಯೂ ಇರುತ್ತದೆ.

ಈ ಪದವು ಮಧ್ಯಕಾಲೀನ ಆಂಗ್ಲದಿಂದ ಬಂದುದು. ಸಿಪ್ಪೆ, ಹೊಟ್ಟು ಎಂಬರ್ಥದ ಹಳೆಯ ಕೆಳಜರ್ಮನ್ ಪದವೊಂದು ಅದರ ಬಂಧು. ಹಿಂದೆ ಮದ್ಯವನ್ನು ತುಂಬುವ ತೊಗಲಿನ ಚೀಲಕ್ಕೂ ಇಂದು ನೀರು ಹಾಯಿಸುವ ಮೆದು ಕೊಳವೆಗೂ ಸಲ್ಲುವ ಜರ್ಮನ್ ‘ಶ್ಲೌಖ್’ ಎಂಬುದೂ ಆ ಬಳಗದ್ದೇ. ಪೊರೆ ಬಿಡುವ ಕ್ರಿಯೆಗೆ ವಿದ್ವಾಂಸರು ಗ್ರೀಕಿನಿಂದ ತಂದ ‘ಎಕ್ಡಿಸಿಸ್’ ಎಂಬುದಕ್ಕಾದರೋ ಉಟ್ಟುದನ್ನು ಕಳಚುವುದೆಂದು ಮೂಲಾರ್ಥ. ಲ್ಯಾಟಿನ್ನಿನ ‘ಎಕ್ಸೂವಿಯೆ’ ಮೈಮೇಲಿಂದ ತೆಗೆದ ಉಡುಪನ್ನೂ ಸೋತ ಶತ್ರುವಿನಿಂದ ಸುಲಿದುಕೊಂಡ ಕವಚವನ್ನೂ ಹೇಳುತ್ತಿದ್ದಿತು. ಕುಪ್ಪಸಕ್ಕೂ ಪೊರೆಗೂ ಒಂದೇ ಆದ ಸಂಸ್ಕೃತದ ‘ಕಂಚುಕ’ವೂ ಇದೇ ಜಾಡಿನದು. ಈ ನಾಗರಿಕ ಪದಗಳೆಲ್ಲ ಪೊರೆಯಲ್ಲಿ ವಸ್ತ್ರವನ್ನು ಕಂಡವು. ಹಳ್ಳಿಗರ ನಾಲಗೆಯಲ್ಲಿ ಬೆಳೆದ ‘ಸ್ಲಫ್’ ಬರಿಯ ಸಿಪ್ಪೆಯನ್ನು ಕಂಡಿತು. ಹುಟ್ಟಿನಿಂದಲೇ ಮೈಗೆ ಅಂಟಿಕೊಂಡು ಬಂದುದನ್ನು ಉಡುಪೆನ್ನುವುದಕ್ಕಿಂತ ಸಿಪ್ಪೆಯೆನ್ನುವುದೇ ಹೆಚ್ಚು ಸತ್ಯವೆಂದು ನನಗೆ ತೋರುತ್ತದೆ.

ಶೇಕ್ಸ್‌ಪಿಯರನ ಕಾಲಕ್ಕಾಗಲೇ ಪದವು ಹಾವನ್ನು ಬಿಟ್ಟು ಮನುಷ್ಯನತ್ತ ಹರಿದಿದ್ದಿತು: 1602ರಲ್ಲಿ ಪ್ರಯೋಗಗೊಂಡ ದಾಖಲೆಯುಳ್ಳ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ, ವಿನಯದ ಪೊರೆಯನ್ನು ಕಳಚೆಂದು ಮಾಲ್ವೋಲಿಯೋ ಎಂಬ ಸೇವಕನಿಗೆ ಕಪಟಪತ್ರವೊಂದು ಬೋಧಿಸುತ್ತದೆ. ಆದರೆ ‘ಕಳಚು’ ಎಂಬರ್ಥದ ಕ್ರಿಯಾಪದವು ಸುಮಾರು 1720ರಲ್ಲಿ ಮೊದಲು ಕಾಣಿಸಿಕೊಂಡುದು ವೈದ್ಯರ ಬರೆಹದಲ್ಲಿ. ವ್ರಣದ ತಳಕ್ಕೆ ಹಳದಿಯಾಗಿ ಅಂಟಿಕೊಳ್ಳುವ ಸತ್ತ ಮಾಂಸವನ್ನು ಶಸ್ತ್ರವೈದ್ಯರು ಇಂದಿಗೂ ‘ಸ್ಲಫ್’ ಎಂದೇ ಕರೆಯುತ್ತಾರೆ. ಅದು ಕಳಚಿಹೋದಲ್ಲದೆ ಗಾಯವು ಚೆನ್ನಾಗಿ ಮಾಯುವುದಿಲ್ಲ. ರೂಢಿಯನ್ನೋ ಚಿಂತೆಯನ್ನೋ ‘ಸ್ಲಫ್ ಆಫ್’ ಮಾಡುವ ಮಾತು ಬಂದುದು ಆಮೇಲೆ.

‘ಸ್ಲೌ’ ಎಂದು ಉಚ್ಚರಿಸುವ ಕೆಸರಿನ ಪದಕ್ಕೂ ಇದಕ್ಕೂ ರಕ್ತಸಂಬಂಧವಿಲ್ಲ. ಅದು ಪ್ರಾಚೀನ ಆಂಗ್ಲದ ‘ಸ್ಲೋಹ್’ ಎಂಬುದರಿಂದ ಬಂದ ಬೇರೊಂದು ಕುಲದ್ದು. ಜಾನ್ ಬನ್ಯನನು 1678ರಲ್ಲಿ ಪ್ರಕಟಿಸಿದ, ಕನ್ನಡದಲ್ಲಿ ‘ಯಾತ್ರಿಕನ ಸಂಚಾರ’ವೆಂದು ಹೆಸರಾದ ಕೃತಿಯಲ್ಲಿ, ಯಾತ್ರಿಕನು ಪಾಪದ ಹೊರೆಯೊಡನೆ ನಿರಾಶೆಯ ಕೆಸರಿನಲ್ಲಿ ಹೂತುಹೋಗುತ್ತಾನೆ, ಬಂಡಿಗಟ್ಟಲೆ ಸದುಪದೇಶವನ್ನು ಸುರಿದರೂ ತುಂಬದ ಹಳ್ಳವದು. ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಪಟ್ಟಣದ ಹೆಸರೂ ಕೆಸರಿನಿಂದಲೇ ಬಂದುದು. ಖಗೋಳಜ್ಞ ವಿಲಿಯಂ ಹರ್ಷೆಲನು 1786ರಿಂದ 1822ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿದ್ದು, 40 ಅಡಿಯ ತನ್ನ ಮಹಾದೂರದರ್ಶಕವನ್ನು ನಿರ್ಮಿಸಿದನು. ಅಮೆರಿಕದವರು ಜೌಗಿನ ಹಿನ್ನೀರನ್ನು ‘ಸ್ಲೂ’ ಎನ್ನುವುದೂ ಇದೇ ಪದವನ್ನು.

ಮುದ್ರಿತ ಪುಟದಲ್ಲಿ ಈ ಪದವು ಎದುರಾದಾಗ, ಕ್ರಿಯಾಪದವಾಗಿ ‘ಆಫ್’ ಎಂಬುದನ್ನು ಕೂಡಿಕೊಂಡು ಬಂದಿದ್ದರೆ ಅದು ಪೊರೆಯ ಕುಲದ್ದು, ಆದುದರಿಂದ ‘ಸ್ಲಫ್’. ದಾರಿಯೋ ನೀರೋ ಊರೋ ಪ್ರಸ್ತಾಪವಾಗಿದ್ದರೆ ಕೆಸರಿನದು.