ನಿಮಗಿದು ಗೊತ್ತೇ? ಕಣ್ಣಿಗೇ ಕ್ಯಾಮೆರಾ!

ತಲೆಬುರುಡೆ ತೆರೆಯದೆ ಮಿದುಳಿನ ಒಂದು ತುಣುಕನ್ನು ನೋಡಬೇಕೇ? ಕಣ್ಣಿನ ಪಾಪೆಯೊಳಗೆ ಇಣುಕಿದರೆ ಸಾಕು! ಕಣ್ಣಿನ ಹಿಂಬದಿಯ ಪರದೆ, ಡಾಕ್ಟರರು ಹೇಳುವ ರೆಟಿನಾ, ತಾಯಿಯ ಹೊಟ್ಟೆಯಲ್ಲಿ ಮಿದುಳಿನಿಂದಲೇ ಚಿಗುರಿ ಮುಂದೆ ಬಂದದ್ದು. ದೇವರು ಇಟ್ಟ ಕಿಟಕಿ ಅನ್ನಿ, ಕಾವಲಿಲ್ಲದ ಬಾಗಿಲು ಅನ್ನಿ!

ಈಗ ನೀವು ಓದುತ್ತಿರುವ ಈ ಅಕ್ಷರಗಳನ್ನು ಗುರುತಿಸುತ್ತಿರುವುದು ಇಡೀ ಕಣ್ಣಲ್ಲ. ರೆಟಿನಾದ ನಡುವಿನ ಒಂದು ಸಣ್ಣ ಗುಳಿ. ಅಗಲ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ. ಭೌಗೋಳಿಕ ಗುರುತು ಪಡೆದ ನಮ್ಮ ಮಂಗಳವೇಢೆಯ ಜೋಳದ ಒಂದು ಕಾಳು ಅದಕ್ಕಿಂತ ದೊಡ್ಡದು!

ಕಣ್ಣೊಳಗೆ ನೋಡುವ ಮೊದಲ ಯಶಸ್ವಿ ಉಪಕರಣ ಯಾವುದರಿಂದ ಆಯಿತು ಗೊತ್ತೇ? ರಟ್ಟು, ಅಂಟು, ಗಾಜಿನ ಚೂರು! ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದ ಮೇಷ್ಟ್ರು ಹೆಲ್ಮ್‌ಹೋಲ್ಟ್ಸ್ ತಮ್ಮ ವಿದ್ಯಾರ್ಥಿಗಳಿಗೆ ಪಾಠ ಮಾಡುವ ಸಲುವಾಗಿ ಅದನ್ನು ಜೋಡಿಸಿದರು. 1851ರಲ್ಲಿ ಲೋಕಕ್ಕೆ ತಿಳಿಸಿದರು. ಕಣ್ಣಿನ ವೈದ್ಯ ಶಾಸ್ತ್ರದ ದಿಕ್ಕೇ ಬದಲಾಯಿತು.

ಅವರಿಗಿಂತ ನಾಲ್ಕು ವರ್ಷ ಮೊದಲೇ, 1847ರಲ್ಲಿ, ಇನ್ನೊಬ್ಬರು ಇಂಥದ್ದೇ ಒಂದನ್ನು ಮಾಡಿ ಒಬ್ಬ ಕಣ್ಣಿನ ಡಾಕ್ಟರರಿಗೆ ತೋರಿಸಿದ್ದರು. ಅದು ಅಲ್ಲಿಗೇ ಮೂಲೆ ಸೇರಿತು. ಯಾರವರು? ಕಂಪ್ಯೂಟರಿನ ಪಿತಾಮಹ ಅನ್ನುತ್ತೇವಲ್ಲ, ಅದೇ ಚಾರ್ಲ್ಸ್ ಬ್ಯಾಬೇಜ್!

ಹೆಲ್ಮ್‌ಹೋಲ್ಟ್ಸ್ ಗೆದ್ದದ್ದು ಹೇಗೆ? ಅವರ ಊರಿನಲ್ಲೇ ರೆಕೋಸ್ ಎಂಬ ಉಪಕರಣ ತಯಾರಕನಿದ್ದ. ಬೇರೆ ಬೇರೆ ನಂಬರಿನ ಗಾಜುಗಳನ್ನು ತಿರುಗುವ ಬಿಲ್ಲೆಯೊಂದರಲ್ಲಿ ಕೂರಿಸಿದ. ಬೆರಳಿನಿಂದ ತಿರುಗಿಸಿದರೆ ಗಾಜು ಬದಲು! ಇವತ್ತು ಸೋಲಾಪುರದ ಯಾವುದೇ ಕಣ್ಣಿನ ದವಾಖಾನೆಗೆ ಹೋಗಿ. ಡಾಕ್ಟರರ ಕೈಯಲ್ಲಿರುವ ಉಪಕರಣದಲ್ಲಿ ಆ ತಿರುಗುವ ಬಿಲ್ಲೆ ಇನ್ನೂ ಇದೆ. ಮೇಷ್ಟ್ರ ತಲೆ, ಮೆಕ್ಯಾನಿಕ್‌ನ ಕೈ. ಈ ಜೋಡಿಯನ್ನು ನೆನಪಿಡಿ, ಕೆಳಗೆ ಮತ್ತೆ ಮತ್ತೆ ಸಿಗುತ್ತದೆ!

ಬದುಕಿರುವ ಮನುಷ್ಯನ ರೆಟಿನಾದ ಫೋಟೋ ತೆಗೆದ ಮೊದಲಿಗರಲ್ಲಿ ಜಾಕ್‌ಮನ್ ಮತ್ತು ವೆಬ್‌ಸ್ಟರ್ ಇದ್ದಾರೆ. ವರ್ಷ 1886. ಆ ಒಂದು ಫೋಟೋಕ್ಕೆ ಎರಡೂವರೆ ನಿಮಿಷ ಕಣ್ಣು ಅಲುಗಿಸದೆ ಕೂರಬೇಕಿತ್ತು! ನೀವೇ ಒಮ್ಮೆ ಪ್ರಯತ್ನಿಸಿ ನೋಡಿ. ಅರ್ಧ ನಿಮಿಷಕ್ಕೇ ನೀರು ಬರುತ್ತದೆ.

ತೋಳಿಗೆ ಬಣ್ಣದ ಔಷಧಿ ಚುಚ್ಚಿ, ಅದು ರಕ್ತದ ಜೊತೆ ಕಣ್ಣಿಗೆ ಬಂದಾಗ ಹೊಳೆಯುವ ನಾಳಗಳ ಫೋಟೋ ತೆಗೆಯುವ ಪರೀಕ್ಷೆ ಕೇಳಿದ್ದೀರಲ್ಲ? ಅದನ್ನು ಕಂಡುಹಿಡಿದವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಇಬ್ಬರು ಹುಡುಗರು, ನೊವೊಟ್ನಿ ಮತ್ತು ಆಲ್ವಿಸ್. ಇನ್ನೂ ವೈದ್ಯ ವಿದ್ಯಾರ್ಥಿಗಳು! ಮೊದಲ ಚುಚ್ಚುಮದ್ದು ಯಾರಿಗೆ? ನಾಣ್ಯ ಚಿಮ್ಮಿದರು. ಆಲ್ವಿಸ್ ಸೋತ, ತೋಳು ಚಾಚಿದ!

ಅವರ ಬರಹವನ್ನು ಕಣ್ಣಿನ ವೈದ್ಯರ ಪತ್ರಿಕೆ ವಾಪಸ್ ಕಳಿಸಿತು. ಕೊನೆಗೆ 1961ರಲ್ಲಿ ಅದನ್ನು ಅಚ್ಚು ಹಾಕಿದ್ದು ಹೃದಯದ ವೈದ್ಯರ ಪತ್ರಿಕೆ! ಕಣ್ಣಿನವರಿಗೇ ಕಾಣಲಿಲ್ಲ ನೋಡಿ.

ಈಗ ದೊಡ್ಡ ಬೆರಗು. ಓಸಿಟಿ ಸ್ಕ್ಯಾನ್ ಎಂಬ ಹೆಸರನ್ನು ಸಕ್ಕರೆ ಕಾಯಿಲೆ ಇರುವ ಮನೆಯವರು ಕೇಳಿಯೇ ಇರುತ್ತಾರೆ. ಗಲ್ಲ ಊರಿ ಕೂತರೆ ಸಾಕು, ರೆಟಿನಾದ ಪದರ ಪದರ ತೆರೆಯ ಮೇಲೆ. ಮುಟ್ಟುವುದಿಲ್ಲ, ಕೊಯ್ಯುವುದಿಲ್ಲ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅಂಥ ಕೆಲವೇ ಪಾಲಿನಷ್ಟು ಸೂಕ್ಷ್ಮವನ್ನೂ ಬಿಡಿಸಿ ತೋರಿಸುತ್ತದೆ. ಕೆಲಸ ಮಾಡುವುದು ಬೆಳಕಿನ ಪ್ರತಿಧ್ವನಿಯಿಂದ! ಬೆಳಕಿನ ವೇಗಕ್ಕೆ ಯಾವ ಗಡಿಯಾರವೂ ಸಾಲದು. ಹಾಗಾಗಿ ಮರಳಿ ಬಂದ ಬೆಳಕನ್ನು ಇನ್ನೊಂದು ಬೆಳಕಿನ ಜೊತೆ ಬೆರೆಸಿ, ಎರಡೂ ಎಲ್ಲಿ ಹೊಂದುತ್ತವೆ ಎಂದು ನೋಡಿ ದೂರ ಅಳೆಯುತ್ತಾರೆ.

ಈ ಯಂತ್ರದ ಒಳಗಿನ ತಂತ್ರ ಬಂದದ್ದು ಎಲ್ಲಿಂದ? ಆಕಾಶದಿಂದ! ಅಮೆರಿಕದ ಎಂಐಟಿಯ ಲಿಂಕನ್ ಪ್ರಯೋಗಾಲಯದಲ್ಲಿ ಎರಿಕ್ ಸ್ವಾನ್‌ಸನ್ ಎಂಬ ಎಂಜಿನಿಯರ್ ಒಂದು ಉಪಗ್ರಹದಿಂದ ಇನ್ನೊಂದಕ್ಕೆ ಲೇಸರ್ ಬೆಳಕಿನಲ್ಲಿ ಸಂದೇಶ ಕಳಿಸುವ ಕೆಲಸದಲ್ಲಿದ್ದರು. ಅದೇ ಜಾಣ್ಮೆಯನ್ನು ಕಣ್ಣಿಗೆ ತಿರುಗಿಸಿದರು. ಜೊತೆಗಿದ್ದವರು ಪ್ರಾಧ್ಯಾಪಕ ಜೇಮ್ಸ್ ಫ್ಯುಜಿಮೋಟೊ ಮತ್ತು ಅವರ ವಿದ್ಯಾರ್ಥಿ ಡೇವಿಡ್ ಹುವಾಂಗ್. 1991ರ ಆ ಲೇಖನದ ಮೊದಲ ಹೆಸರು ವಿದ್ಯಾರ್ಥಿಯದೇ!

ಮರುವರ್ಷ ಆ ತಂಡದವರು ಒಂದು ಪುಟ್ಟ ಕಂಪನಿ ತೆರೆದರು. 1994ರಲ್ಲಿ ಜೈಸ್ ಕಂಪನಿ ಅದನ್ನು ಕೊಂಡಿತು. 1996ಕ್ಕೆ ಮಾರುಕಟ್ಟೆಯಲ್ಲಿ ಯಂತ್ರ. ಈಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಕೋಟಿ ಓಸಿಟಿ ಪರೀಕ್ಷೆ! ಮೊದಲ ಕೆಲವು ವರ್ಷ ಕೊಳ್ಳುವವರೇ ಕಡಿಮೆ ಇದ್ದರಂತೆ. 2023ರಲ್ಲಿ ಮೂವರಿಗೂ ಲಾಸ್ಕರ್ ಪ್ರಶಸ್ತಿ ಬಂತು.

ಅಂದ ಹಾಗೆ, ಈ ಓಸಿಟಿ ಯಂತ್ರ ಭೂಮಿಯ ಮೇಲೆ ಮಾತ್ರ ಇಲ್ಲ. 2013ರಿಂದ ಅಂತರಿಕ್ಷ ನಿಲ್ದಾಣದಲ್ಲೂ ಒಂದಿದೆ! ತೂಕವಿಲ್ಲದ ಜಾಗದಲ್ಲಿ ತಿಂಗಳುಗಟ್ಟಲೆ ಇದ್ದರೆ ಕೆಲವು ಗಗನಯಾತ್ರಿಗಳ ಕಣ್ಣಿನ ನರದ ಬುಡ ಊದಿಕೊಳ್ಳುತ್ತದೆ. ಅದಕ್ಕೇ ಅಲ್ಲೂ ಕಣ್ಣಿನ ತಪಾಸಣೆ. ಉಪಗ್ರಹದ ವಿದ್ಯೆ ಕಣ್ಣಿಗೆ ಬಂತು, ಕಣ್ಣಿನ ಯಂತ್ರ ಮತ್ತೆ ಆಕಾಶಕ್ಕೆ ಹೋಯಿತು!

ನಕ್ಷತ್ರ ನೋಡುವವರಿಂದಲೂ ಕಣ್ಣಿನವರು ಸಾಲ ತಂದಿದ್ದಾರೆ. ಗಾಳಿಯ ಅಲೆಯಿಂದ ನಕ್ಷತ್ರ ಮಸುಕಾಗುತ್ತದೆ. ಅದನ್ನು ಸರಿಪಡಿಸಲು ದೂರದರ್ಶಕದಲ್ಲಿ ಕ್ಷಣಕ್ಷಣಕ್ಕೂ ಬಾಗುವ ಕನ್ನಡಿ ಇಡುತ್ತಾರೆ. 1997ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ವಿಲಿಯಮ್ಸ್ ತಂಡ ಆ ಕನ್ನಡಿಯನ್ನು ಮನುಷ್ಯನ ಕಣ್ಣಿನ ಮುಂದೆ ಇಟ್ಟಿತು. ಜೀವಂತ ಕಣ್ಣಿನಲ್ಲಿ ಒಂದೊಂದೇ ಜೀವಕೋಶ ಬಿಡಿಬಿಡಿಯಾಗಿ ಕಂಡಿತು!

ಎರಡು ವರ್ಷದ ನಂತರ ಅದೇ ಪ್ರಯೋಗಾಲಯ ಇನ್ನೂ ವಿಚಿತ್ರವಾದದ್ದನ್ನು ಕಂಡಿತು. ಬಣ್ಣ ಸರಿಯಾಗಿ ಕಾಣುವ ಇಬ್ಬರನ್ನು ಕೂರಿಸಿ ನೋಡಿದರು. ಒಬ್ಬನಲ್ಲಿ ಕೆಂಪು ಹಿಡಿಯುವ ಕೋಶಗಳೂ ಹಸಿರು ಹಿಡಿಯುವ ಕೋಶಗಳೂ ಹತ್ತಿರ ಹತ್ತಿರ ಸಮ. ಇನ್ನೊಬ್ಬನಲ್ಲಿ ಕೆಂಪಿನವು ನಾಲ್ಕು ಪಟ್ಟಿಗೆ ಹತ್ತಿರ! ಆದರೂ ಬಣ್ಣ ನೋಡುವುದರಲ್ಲಿ ಇಬ್ಬರಿಗೂ ಕೊರತೆಯಿಲ್ಲ. ಇದು ಹೇಗೆ ಸರಿದೂಗುತ್ತದೆ ಎಂಬ ಲೆಕ್ಕ ಮಿದುಳಿಗೆ ಬಿಟ್ಟದ್ದು.

ಸ್ಕಾಟ್ಲೆಂಡಿನ ಡಗ್ಲಸ್ ಆಂಡರ್ಸನ್ ಒಬ್ಬ ತಂದೆ. ಅವರ ಐದು ವರ್ಷದ ಮಗನ ರೆಟಿನಾ ಕಿತ್ತುಬಂದಿದ್ದು ತಡವಾಗಿ ಗೊತ್ತಾಯಿತು. ಒಂದು ಕಣ್ಣು ಹೋಯಿತು. ಆ ತಂದೆ 1992ರಲ್ಲಿ ಆಪ್ಟೋಸ್ ಎಂಬ ಕಂಪನಿ ಕಟ್ಟಿದರು. ಮಾಮೂಲಿ ಕ್ಯಾಮೆರಾ ಸುಮಾರು 45 ಡಿಗ್ರಿ ನೋಡಿದರೆ ಇವರದು ಒಂದೇ ಹೊಡೆತಕ್ಕೆ 200 ಡಿಗ್ರಿ! ರೆಟಿನಾದ ಶೇ 80ಕ್ಕೂ ಹೆಚ್ಚು ಭಾಗ ಒಂದೇ ಚಿತ್ರದಲ್ಲಿ.

ಬಸವಣ್ಣ ಕರಣಿಕನಾಗಿ ಲೆಕ್ಕ ಬರೆದ ಊರಿನವರಿಗೆ ಈಗ ದುಡ್ಡಿನ ಲೆಕ್ಕ. ಮೇಷ್ಟ್ರು-ಮೆಕ್ಯಾನಿಕ್ ಜೋಡಿಗಾಗಿಯೇ ಅಮೆರಿಕದಲ್ಲಿ 1992ರಲ್ಲಿ ಒಂದು ಯೋಜನೆ ಬಂತು. ಅದರಲ್ಲಿ ಸಂಶೋಧನೆಗೆ ಸರ್ಕಾರದ ಹಣ ಬೇಕಾದರೆ ಸಣ್ಣ ಕಂಪನಿ ಒಂಟಿಯಾಗಿ ಬರುವಂತಿಲ್ಲ. ವಿಶ್ವವಿದ್ಯಾಲಯವನ್ನೋ ಸಂಶೋಧನಾ ಸಂಸ್ಥೆಯನ್ನೋ ಕೈಹಿಡಿದೇ ಬರಬೇಕು! ಕನಿಷ್ಠ ಶೇ 40 ಕೆಲಸ ಕಂಪನಿಯದು, ಕನಿಷ್ಠ ಶೇ 30 ಸಂಸ್ಥೆಯದು. ಸಣ್ಣ ಕಂಪನಿ ಅಂದರೆ ಎಷ್ಟು ಸಣ್ಣದು? 500 ಜನರವರೆಗೂ ಸಣ್ಣದೇ! ನಮ್ಮ ಕಡೆ ಅದನ್ನು ಕಾರ್ಖಾನೆ ಅನ್ನುತ್ತೇವೆ.

ನಮ್ಮಲ್ಲೂ ಇಂಥದ್ದು ಇದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2005ರಲ್ಲೇ ಸಣ್ಣ ಉದ್ಯಮಗಳ ಸಂಶೋಧನೆಗೆ ಯೋಜನೆ ಶುರುಮಾಡಿತು. 2012ರಲ್ಲಿ ಅದೇ ಇಲಾಖೆಯ ಬೈರಾಕ್ ಎಂಬ ಸಂಸ್ಥೆ ಬಂತು. ಒಳ್ಳೆಯ ಐಡಿಯಾ ಇದ್ದರೆ 50 ಲಕ್ಷ ರೂಪಾಯಿವರೆಗೆ ಅನುದಾನ! ಸೋಲಾಪುರದ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳೇ, ಕೇಳಿಸಿತೇ?

ಬೆಂಗಳೂರಿನ ಸುದ್ದಿಗೆ ಬನ್ನಿ. ಕೆ. ಚಂದ್ರಶೇಖರ್ ಮತ್ತು ಶ್ಯಾಮ್ ವಾಸುದೇವ್ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಗಳ ನೌಕರಿ ಬಿಟ್ಟು 2010ರಲ್ಲಿ ಫೋರಸ್ ಹೆಲ್ತ್ ತೆರೆದರು. ಅವರ ಯಂತ್ರದ ಹೆಸರು ತ್ರಿನೇತ್ರ! ಮೋತಿಬಿಂದು, ಸಕ್ಕರೆ ಕಾಯಿಲೆಯ ಹಾನಿ, ಗ್ಲಾಕೋಮಾ, ಕಾರ್ನಿಯಾ ತೊಂದರೆ, ಕನ್ನಡಕದ ನಂಬರು, ಐದರ ಸುಳಿವೂ ಒಂದೇ ಪೆಟ್ಟಿಗೆಯಲ್ಲಿ. ಪಾಪೆ ಅಗಲಿಸುವ ಹನಿ ಹಾಕುವುದೂ ಬೇಕಿಲ್ಲ. ಹನಿ ಹಾಕಿಸಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಬಸ್ ಸ್ಟ್ಯಾಂಡಿಗೆ ನಡೆದವರಿಗೆ ಇದರ ಬೆಲೆ ಗೊತ್ತು!

ಅದೇ ಬೆಂಗಳೂರಿನ ರೆಮಿಡಿಯೊ ಕಂಪನಿ ರೆಟಿನಾ ಕ್ಯಾಮೆರಾವನ್ನು ಮೊಬೈಲ್ ಫೋನಿಗೇ ಕೂರಿಸಿತು. ಮುಂಬೈಯ ಮುನ್ಸಿಪಾಲಿಟಿ ದವಾಖಾನೆಗಳಲ್ಲಿ ಅದರ ಪರೀಕ್ಷೆ ನಡೆಯಿತು, ಫಲಿತಾಂಶ 2019ರಲ್ಲಿ ಅಚ್ಚಾಯಿತು. ವಿಶೇಷ ಏನು ಗೊತ್ತೇ? ಚಿತ್ರ ನೋಡಿ ಸಕ್ಕರೆ ಕಾಯಿಲೆಯ ಹಾನಿ ಇದೆಯೇ ಎಂದು ಹೇಳುವ ಕೃತಕ ಬುದ್ಧಿ ಆ ಫೋನಿನೊಳಗೇ ಕೂತಿತ್ತು. ಇಂಟರ್ನೆಟ್ ಬೇಡ! ಮಂಗಳವೇಢೆ ತಾಲೂಕಿನ ಹಳ್ಳಿಗಳಲ್ಲಿ ನೆಟ್‌ವರ್ಕ್‌ಗಾಗಿ ಮಾಳಿಗೆ ಹತ್ತುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದು? ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ ಎಂದು 2023ರ ಐಸಿಎಂಆರ್ ಅಧ್ಯಯನ ಹೇಳಿದೆ.

ದಿನ ತುಂಬದೆ ಹುಟ್ಟಿದ ಕೂಸಿನ ಕಣ್ಣು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ರೆಟಿನಾದ ನಾಳಗಳು ದಾರಿ ತಪ್ಪಿ ಬೆಳೆದರೆ ಕುರುಡುತನ. ಹುಟ್ಟಿದ 30 ದಿನದೊಳಗೆ ಒಮ್ಮೆ ನೋಡಲೇಬೇಕು. ಹಳ್ಳಿಗೆ ಅಂಥ ತಜ್ಞರು ಎಲ್ಲಿಂದ ಬರಬೇಕು? ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಕಿಡ್‌ರಾಪ್ ಯೋಜನೆ ಆರಂಭಿಸಿದರು. ತಜ್ಞರ ಬದಲು ಗಾಡಿಯಲ್ಲಿ ಕ್ಯಾಮೆರಾ ಹೊರಟಿತು! ಡಾಕ್ಟರರಲ್ಲದ ತಂತ್ರಜ್ಞರು ಕೂಸಿನ ಕಣ್ಣಿನ ಚಿತ್ರ ತೆಗೆದು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ. ಕೆಂಪಾದರೆ ತುರ್ತು.

ಆ ಚಿತ್ರಗಳು ದೂರದ ಡಾಕ್ಟರರ ಮೊಬೈಲಿಗೆ ಹೋಗಬೇಕಲ್ಲ? ಅದಕ್ಕೆ ಸಾಫ್ಟ್‌ವೇರ್ ಬರೆದುಕೊಟ್ಟದ್ದು ಬೆಂಗಳೂರಿನದೇ ಒಂದು ಸಣ್ಣ ಕಂಪನಿ. ಆಗಿನ್ನೂ ನಮ್ಮಲ್ಲಿ ಬಹಳ ಜನರ ಕೈಯಲ್ಲಿ ಗುಂಡಿ ಒತ್ತುವ ಫೋನು! ಮುಂದೆ ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಈ ಗಾಡಿ ಬಂತು. ಕೂಸಿನ ಕಣ್ಣಿನ ಕ್ಯಾಮೆರಾ ಮೊದಲು ಅಮೆರಿಕದಿಂದ ಬರುತ್ತಿತ್ತು. ಆಮೇಲೆ ಫೋರಸ್‌ನವರೇ ಇಲ್ಲಿ ಒಂದನ್ನು ಮಾಡಿದರು.

ಕಣ್ಣಿನ ಕ್ಯಾಂಪ್ ಅಂದ ಕೂಡಲೇ ನಮ್ಮ ಹಿರಿಯರ ಬಾಯಲ್ಲಿ ಬರುವ ಹೆಸರು ಡಾ. ಎಂ. ಸಿ. ಮೋದಿ. ಬಾಗಲಕೋಟೆ ಕಡೆಯ ಬೀಳಗಿಯವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಮೋತಿಬಿಂದು ಆಪರೇಶನ್! ಗಿನ್ನೆಸ್ ಪುಸ್ತಕ ಅದನ್ನು ಬರೆದುಕೊಂಡಿತು. 24 ಗಂಟೆ ಎಡೆಬಿಡದೆ ಮಾಡಿದರೂ ಒಂದಕ್ಕೆ ಎರಡು ನಿಮಿಷ ಸಿಗುವುದಿಲ್ಲ, ಲೆಕ್ಕ ಹಾಕಿ ನೋಡಿ!

ನಾಸಿಕದಲ್ಲಿ ಹುಟ್ಟಿದ ರಮೇಶ್ ರಸ್ಕರ್ ಎಂಐಟಿಯಲ್ಲಿ ಪ್ರಾಧ್ಯಾಪಕರು. ಮೊಬೈಲ್ ಪರದೆಗೆ ಸಿಕ್ಕಿಸುವ ಒಂದು ಚಿಕ್ಕ ತುಂಡಿನಿಂದ ಕನ್ನಡಕದ ನಂಬರು ಹೇಳುವ ಉಪಾಯವನ್ನು ಅವರ ತಂಡ 2010ರಲ್ಲಿ ತೋರಿಸಿತು. ಆ ತುಂಡಿನ ಖರ್ಚು ಸುಮಾರು ಎರಡು ಡಾಲರ್! ಅದೂ ಮುಂದೆ ಒಂದು ಪುಟ್ಟ ಕಂಪನಿಯಾಯಿತು.

ಡಾಕ್ಟರರಿಲ್ಲದೆ ತಾನೇ ರೋಗ ಹೇಳಲು ಅಮೆರಿಕದ ಸರ್ಕಾರ ಮೊದಲು ಒಪ್ಪಿಗೆ ಕೊಟ್ಟ ಕೃತಕ ಬುದ್ಧಿಯ ಯಂತ್ರ ಯಾವುದು? ಹೃದಯದ್ದಲ್ಲ, ಕ್ಯಾನ್ಸರಿನದ್ದಲ್ಲ. ಕಣ್ಣಿನದು! 2018ರ ಏಪ್ರಿಲ್. ಮಾಡಿದವರು ಅಯೋವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮೈಕೆಲ್ ಅಬ್ರಮಾಫ್ ಕಟ್ಟಿದ ಸಣ್ಣ ಕಂಪನಿಯವರು. ಮತ್ತೆ ಅದೇ ಜೋಡಿ!

ಅದೇ ವರ್ಷ ಗೂಗಲ್‌ನವರ ಕೃತಕ ಬುದ್ಧಿ ರೆಟಿನಾದ ಫೋಟೋ ನೋಡಿ ಆ ಮನುಷ್ಯನ ವಯಸ್ಸು ಹೇಳಿತು, ಸರಾಸರಿ ಮೂರೂಕಾಲು ವರ್ಷದ ಹೆಚ್ಚುಕಡಿಮೆಯಲ್ಲಿ. ಗಂಡೋ ಹೆಣ್ಣೋ ಎಂಬುದನ್ನೂ ಬಹುಪಾಲು ಸರಿಯಾಗಿ ಹೇಳಿತು! ಅದೇ ಫೋಟೋವನ್ನು ಎಷ್ಟು ಪಳಗಿದ ಕಣ್ಣಿನ ಡಾಕ್ಟರರ ಮುಂದಿಟ್ಟರೂ ಅವರು ಹೇಳಲಾರರು. ಯಂತ್ರಕ್ಕೆ ಕಂಡದ್ದೇನು? ಇರಲಿ ಬಿಡಿ, ತಜ್ಞರೇ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಇದೊಂದನ್ನು ಮಾತ್ರ ಓದಿ ಮುಂದೆ ಹೋಗಬೇಡಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಬ್ರಯನ್ ಶಾ ಕಣ್ಣಿನ ಡಾಕ್ಟರರಲ್ಲ, ರಸಾಯನಶಾಸ್ತ್ರದ ಮೇಷ್ಟ್ರು. ಅವರ ಕೂಸಿಗೆ ಕಣ್ಣಿನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಮನೆಯ ಹಳೆಯ ಫೋಟೋಗಳನ್ನು ತೆಗೆದು ನೋಡಿದರು. ಕೂಸಿಗೆ 12 ದಿನವಾಗಿದ್ದಾಗಿನ ಫೋಟೋದಲ್ಲೇ ಪಾಪೆ ಬೆಳ್ಳಗೆ ಹೊಳೆಯುತ್ತಿತ್ತು! ಅವರು ಕಂಪ್ಯೂಟರ್ ವಿಭಾಗದ ಗೆಳೆಯರ ಜೊತೆ ಸೇರಿ, ಫೋನಿನ ಫೋಟೋಗಳಲ್ಲಿ ಈ ಬಿಳಿ ಹೊಳಪನ್ನು ಹುಡುಕುವ ಆ್ಯಪ್ ಮಾಡಿದರು. 2019ರಲ್ಲಿ ಕಣ್ಣಿನ ರೋಗವಿದ್ದ 20 ಮಕ್ಕಳ ಮನೆಯ ಫೋಟೋಗಳನ್ನು ಅದಕ್ಕೆ ಕೊಟ್ಟಾಗ 16 ಮಕ್ಕಳಲ್ಲಿ ಡಾಕ್ಟರರಿಗಿಂತ ಮೊದಲೇ ಸುಳಿವು ಸಿಕ್ಕಿತು. ಎಷ್ಟು ಮೊದಲು? ಸರಾಸರಿ ಒಂದೂಕಾಲು ವರ್ಷಕ್ಕೂ ಹೆಚ್ಚು! ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಕಣ್ಣು ಕೆಂಪಾದರೆ ಚಿಂತೆ ಬೇಡ, ಅದು ರೆಟಿನಾದಿಂದ ಮರಳಿದ ಬೆಳಕು. ಒಂದೇ ಕಣ್ಣು ಮತ್ತೆ ಮತ್ತೆ ಬೆಳ್ಳಗೆ ಬಂದರೆ? ಕೆಲವೊಮ್ಮೆ ಅದು ಫೋಟೋ ತೆಗೆದ ಕೋನದಿಂದಲೂ ಆಗುತ್ತದೆ. ಆದರೆ ಅದನ್ನು ಡಾಕ್ಟರರು ಹೇಳಲಿ, ನಾವಲ್ಲ. ಹೋಗಿ, ಮನೆಯ ಪುಟ್ಟ ಮಕ್ಕಳ ಫೋಟೋಗಳನ್ನು ಈಗಲೇ ಒಮ್ಮೆ ದೊಡ್ಡದು ಮಾಡಿ ನೋಡಿ!