ಫರ್ಮಾನಿನಿಂದ ಕೆಂಪು ತ್ರಿಕೋನದವರೆಗೆ: ಆಳುವವರ ಪತ್ರಿಕೆ ಕಂಡ ಹೆಣ್ಣು

ಸೆಪ್ಟೆಂಬರ್ 17 ಬಂತೆಂದರೆ ಕಲಬುರಗಿ ಸೀಮೆಯ ಊರೂರಲ್ಲಿ ಧ್ವಜ ಏರುತ್ತದೆ. 1948ರ ಆ ದಿನ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತದ ಸೇನೆಗೆ ಶರಣಾದರು. ಪತ್ರಿಕೆಗಳ ವಿಶೇಷ ಪುಟಗಳಲ್ಲಿ ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿ, ಸ್ವಾಮಿ ರಮಾನಂದ ತೀರ್ಥರ ಹೋರಾಟ, ಸರ್ದಾರ್ ಪಟೇಲರ ನಿರ್ಧಾರ ಮತ್ತೆ ಅಚ್ಚಾಗುತ್ತವೆ. ಹೆಣ್ಣಿಗೆ ಸಿಗುವುದು ಒಂದೇ ಸಾಲು: ಹೆಣ್ಣುಮಕ್ಕಳ ಮಾನಕ್ಕೆ ರಕ್ಷಣೆ ಇರಲಿಲ್ಲ. ಆಕೆ ಆ ಕಾಲದಲ್ಲಿ ಏನು ದುಡಿದಳು, ಲೋಕದ ಸುದ್ದಿ ಆಕೆಗೆ ಯಾರಿಂದ ಮುಟ್ಟಿತು, ಹೆಣ್ಣು ಹೇಗಿರಬೇಕೆಂದು ಅಂದಿನ ಪತ್ರಿಕೆಗಳು ಹೇಳುತ್ತಿದ್ದವು ಎಂಬುದನ್ನು ಯಾರೂ ಕೇಳುವುದಿಲ್ಲ.

ಕೇಳಲೇಬೇಕಾದ ಪ್ರಶ್ನೆ ಇದು. ಕಾಳಗಿ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ 1935ರಲ್ಲಿ ಹುಟ್ಟಿದ ಹೆಣ್ಣುಮಗಳು ಹದಿಮೂರರ ಹೊತ್ತಿಗೆ ನಿಜಾಮನ ಆಳ್ವಿಕೆಯ ಕೊನೆ ಕಂಡಳು. ನಲವತ್ತಕ್ಕೆ ತುರ್ತು ಪರಿಸ್ಥಿತಿ ಕಂಡಳು. ಈ ಎರಡು ಆಳ್ವಿಕೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಒಂದು ವಂಶದ ಅರಸೊತ್ತಿಗೆ. ಇನ್ನೊಂದು, ಚುನಾಯಿತ ಸರ್ಕಾರವೇ ಇಪ್ಪತ್ತೊಂದು ತಿಂಗಳು ಸಂವಿಧಾನದ ಹಕ್ಕುಗಳನ್ನು ಅಮಾನತಿನಲ್ಲಿಟ್ಟ ಕಾಲ. ಆದರೂ ಒಂದು ವಿಷಯದಲ್ಲಿ ಎರಡೂ ಕೂಡುತ್ತವೆ. ಆಳುವವರ ಮಾತಿಗೆ ತಲೆದೂಗಿದ ಪತ್ರಿಕೆ ಹೆಣ್ಣಿಗೆ ನೇರವಾಗಿ ಅಪ್ಪಣೆ ಕೊಟ್ಟದ್ದು ಕಡಿಮೆ. ಯಾವ ಹೆಣ್ಣು ಪುಟದ ಮೇಲೆ ಕಾಣಬೇಕು, ಯಾವಳು ಕಾಣಬಾರದು ಎಂಬುದನ್ನು ಅದು ತೀರ್ಮಾನಿಸಿತು. ಹೆಣ್ಣಿನ ಸ್ಥಾನವನ್ನು ಗಟ್ಟಿ ಮಾಡಿದ್ದು ಆ ಆಯ್ಕೆಯೇ.

ಉರ್ದು ಅಚ್ಚು, ಕನ್ನಡದ ಮನೆ

ಹೈದರಾಬಾದ್ ಸಂಸ್ಥಾನದ ನಾಲ್ಕು ಸುಭಾಗಳಲ್ಲಿ, ಅಂದರೆ ಪ್ರಾಂತ್ಯಗಳಲ್ಲಿ, ಗುಲಬರ್ಗಾ (ಇಂದಿನ ಕಲಬುರಗಿ) ಒಂದು. ಹಳ್ಳಿಗಳಲ್ಲಿ ಎಷ್ಟೋ ಜಾಗೀರುದಾರರ, ಪಾಯಿಗಾ ಎಂಬ ಶ್ರೀಮಂತ ಮನೆತನಗಳ ವಶ. ಮನೆಯ ಮಾತು ಕನ್ನಡ, ಕಚೇರಿಯ ಮಾತು ಉರ್ದು. 1880ರ ದಶಕದಲ್ಲಿ ಪಾರಸಿಯ ಜಾಗಕ್ಕೆ ಬಂದ ಉರ್ದುವಿನಲ್ಲೇ ತಹಶೀಲಿನ ಕಾಗದ, ಅದಾಲತ್ತಿನ ತೀರ್ಪು, ಸರ್ಕಾರಿ ಗೆಜೆಟ್ಟಾದ ಜರೀದಾದ ಫರ್ಮಾನು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ.

ಪತ್ರಿಕೆ ಹೊರಡಿಸಲು ಸರ್ಕಾರದ ಪರವಾನಗಿ ಬೇಕು. ಗಶ್ತಿ 53 ಎಂಬ ಸುತ್ತೋಲೆಯ ಪ್ರಕಾರ ಸಭೆ ಸೇರಲೂ ಮುಂಚಿತ ಅನುಮತಿ ಬೇಕು. ಹೊರಗಿನ ಹಲವು ಪತ್ರಿಕೆಗಳಿಗೆ ಸಂಸ್ಥಾನದೊಳಗೆ ಪ್ರವೇಶವಿರಲಿಲ್ಲ. 1874ರಿಂದ ವಾಡಿ ಜಂಕ್ಷನ್ನಿನಲ್ಲಿ ಮುಂಬೈ ರೈಲೂ ನಿಜಾಮನ ರೈಲೂ ಸಂಧಿಸುತ್ತಿದ್ದವು. ಸಿಮೆಂಟು, ಕಲ್ಲು, ಕಾಳು ಎಲ್ಲ ಆ ಹಾದಿಯಲ್ಲಿ ಹೋಗುತ್ತಿದ್ದವು. ಸುದ್ದಿಗೆ ಮಾತ್ರ ಆ ಹಾದಿ ಸಲೀಸಾಗಿರಲಿಲ್ಲ. ಒಳಗೆ ‘ರಹಬರ್-ಎ-ದಕ್ಖನ್’ನಂಥ ಉರ್ದು ದಿನಪತ್ರಿಕೆ ಅರಮನೆಯ ನಿಲುವಿಗೆ ಹತ್ತಿರವಿತ್ತು. ಸರ್ಕಾರದ ಮಾಹಿತಿ ಇಲಾಖೆ ‘ಹೈದರಾಬಾದ್ ಇನ್ಫರ್ಮೇಶನ್’ ಎಂಬ ಮಾಸಪತ್ರಿಕೆಯನ್ನೇ ಹೊರಡಿಸುತ್ತಿತ್ತು. ಈ ಅಚ್ಚಿನ ಲೋಕದಲ್ಲಿ ಅರಸ ಕೊಡುವವನು, ಪ್ರಜೆ ಪಡೆಯುವವಳು. ಶಾಲೆ, ದವಾಖಾನೆ ಎಲ್ಲವೂ ಕೃಪೆಯ ಲೆಕ್ಕದಲ್ಲಿ ಬರುತ್ತಿದ್ದವೇ ಹೊರತು ಹಕ್ಕಿನ ಲೆಕ್ಕದಲ್ಲಲ್ಲ.

ಓದುವ ಹೆಣ್ಣು, ಅಷ್ಟೇ ದೂರ

ಉರ್ದು ಪತ್ರಿಕೆಗಳಲ್ಲಿ ಹೆಣ್ಣು ಇರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಹೈದರಾಬಾದಿನಲ್ಲಿ ಮೌಲ್ವಿ ಮುಹಿಬ್ಬೆ ಹುಸೇನ್ ‘ಮುಅಲ್ಲಿಮ್-ಎ-ನಿಸ್ವಾನ್’ ಎಂಬ ಮಹಿಳಾ ಪತ್ರಿಕೆ ನಡೆಸಿದರು. ಹೆಣ್ಣುಮಕ್ಕಳ ಓದಿನ ಪರ ಬರೆದಷ್ಟು ದಿನ ಪತ್ರಿಕೆ ನಡೆಯಿತು. ಪರದೆಯ ಕಟ್ಟುಪಾಡನ್ನೇ ಪ್ರಶ್ನಿಸಿದ ಮೇಲೆ ಆಳುವವರ ಅಸಮಾಧಾನಕ್ಕೆ ಗುರಿಯಾಗಿ 1901ರ ಹೊತ್ತಿಗೆ ನಿಂತುಹೋಯಿತು. ಹೆಣ್ಣು ಎಷ್ಟು ದೂರ ಬರಬಹುದು ಎಂಬ ಗೆರೆ ಅಲ್ಲಿಯೇ ಬಿತ್ತು: ಓದಲಿ, ಒಳ್ಳೆಯ ತಾಯಿಯಾಗಲಿ, ಮನೆ ಚೊಕ್ಕಟವಾಗಿಡಲಿ, ಮನೆಯ ನಿಯಮವನ್ನು ಪ್ರಶ್ನಿಸಬಾರದು.

ಆ ಗೆರೆಯನ್ನು ಒಳಗಿನಿಂದಲೇ ದೂಡಿದವರು ಸುಘ್ರಾ ಹುಮಾಯೂನ್ ಮಿರ್ಜಾ. 1919ರಲ್ಲಿ ಅವರು ‘ಅನ್-ನಿಸಾ’ ಪತ್ರಿಕೆ ಆರಂಭಿಸಿದರು, ಮಹಿಳಾ ಸಂಘ ಕಟ್ಟಿದರು, 1934ರಲ್ಲಿ ಹೆಣ್ಣುಮಕ್ಕಳಿಗೆ ಸಫ್ದರಿಯಾ ಶಾಲೆ ತೆರೆದರು. ಅವರ ಧೈರ್ಯ ಸಣ್ಣದಲ್ಲ. ಆದರೆ ಅವರ ಪತ್ರಿಕೆ ಮುಟ್ಟಬಹುದಾದದ್ದು ಉರ್ದು ಬಲ್ಲ, ಅನುಕೂಲವಂತ ಮನೆಗಳನ್ನು ಮಾತ್ರ. ಇತ್ತ 1931ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ನಿಜಾಮನ ಇಬ್ಬರು ಮಕ್ಕಳ ಕೈಹಿಡಿದು ಬಂದ ತುರ್ಕಿಯ ರಾಜಕುಮಾರಿಯರಾದ ದುರ್ರುಶೆಹ್ವಾರ್, ನಿಲೋಫರ್ ಪರದೆಯಿಲ್ಲದೆ ಸಮಾರಂಭಗಳಲ್ಲಿ ಕಾಣಿಸಿಕೊಂಡರು. ಸಂಸ್ಥಾನದ ಆಧುನಿಕತೆಗೆ ಅವರೇ ಮುಖವಾದರು. ಅರಮನೆಯ ಸೊಸೆಗೆ ದೊರೆತ ಸ್ವಾತಂತ್ರ್ಯ ಇಡೀ ರಾಜ್ಯದ ಹೆಣ್ಣಿನ ಪ್ರಗತಿಯಂತೆ ತೋರಿತು.

ಪುಟದ ಹೊರಗೆ ಉಳಿದವಳು

ಅದೇ ಕಾಲದಲ್ಲಿ ಶಹಾಬಾದ್, ವಾಡಿ, ಚಿತ್ತಾಪುರದ ಸುತ್ತ ಪರಸಿ ಕಲ್ಲಿನ ಖಣಿಗಳಲ್ಲಿ ಹೆಣ್ಣುಮಕ್ಕಳು ದುಡಿಯುತ್ತಿದ್ದರು. ಖಣಿಯ ಕೆಲಸ ನೋಡಿದವರಿಗೆ ಗೊತ್ತು. ಗಂಡಸು ಉಳಿ, ಸುತ್ತಿಗೆ, ಹಾರೆ ಹಿಡಿದು ಪದರಿನಿಂದ ಬಂಡೆ ಎಬ್ಬಿಸುತ್ತಾನೆ. ಆ ಪದರು ಕಾಣುವ ಮೊದಲು ಮೇಲಿನ ಮಣ್ಣು ತೆಗೆಯಬೇಕು, ಒಡೆದ ಚೂರು ಎತ್ತಬೇಕು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ ಇಟ್ಟುಕೊಂಡು ಇಳಿಜಾರಿನಲ್ಲಿ ಏರಿ ಇಳಿಯುವವಳು ಹೆಂಗಸು. ಕೌಶಲದ ಕೂಲಿ ಅವನಿಗೆ, ಹೊರುವ ಕೂಲಿ ಇವಳಿಗೆ. ಇತ್ತ ಕಾಳಗಿ, ಚಿಂಚೋಳಿ, ಸೇಡಂ ಹೊಲಗಳಲ್ಲಿ ಜೋಳದ ಕಳೆ, ತೊಗರಿಯ ರಾಶಿ ಇವಳ ಕೈಯಲ್ಲೇ ಸಾಗುತ್ತಿತ್ತು. ಪರದೆ ಬೇಕೋ ಬೇಡವೋ ಎಂಬ ಚರ್ಚೆ ಇವಳದಾಗಿರಲಿಲ್ಲ. ಸರಿಯಾದ ಕೂಲಿ, ಬಾಣಂತನಕ್ಕೆ ಸೂಲಗಿತ್ತಿ, ಮಗಳಿಗೆ ಕನ್ನಡ ಸಾಲಿ ಇವಳ ಪ್ರಶ್ನೆಗಳಾಗಿದ್ದವು. ಆ ಪ್ರಶ್ನೆಗಳು ಸಂಸ್ಥಾನದ ಅಧಿಕೃತ ಭಾಷೆಯಲ್ಲೇ ಇರಲಿಲ್ಲ.

ಗಡಿಯಾಚೆ ನೋಡಿದರೆ ಇದರ ನಷ್ಟ ಅರಿವಾಗುತ್ತದೆ. ಮೈಸೂರು ಸಂಸ್ಥಾನವೂ ಅರಸೊತ್ತಿಗೆಯೇ. 1908ರಲ್ಲಿ ಅಲ್ಲೂ ಪತ್ರಿಕೆಗಳ ಬಾಯಿ ಕಟ್ಟುವ ಕಾಯ್ದೆ ಬಂದಿತ್ತು. ಆದರೂ ನಂಜನಗೂಡು ತಿರುಮಲಾಂಬ ‘ಕರ್ನಾಟಕ ನಂದಿನಿ’ ನಡೆಸಿದರು, ಆರ್. ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ ಆರಂಭಿಸಿ ನಾಲ್ಕು ದಶಕ ಮುನ್ನಡೆಸಿದರು. ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಗ್ರಹದಲ್ಲಿ ಬೀಸುವ, ಕುಟ್ಟುವ ಹೆಂಗಸರ ಪದಗಳನ್ನು ಅಚ್ಚಿಗೆ ತಂದರು. ಅಲ್ಲಿಂದ ಭೀಮೆ ದಾಟಿದರೆ ನಮ್ಮ ಸೀಮೆ. ಹಾಡು ಇಲ್ಲಿಯೂ ಇತ್ತು, ಹಾಡುವ ಕಂಠವೂ ಇತ್ತು. ಕನ್ನಡದ ಪತ್ರಿಕೆ ಬೇರೂರಲು ಮಾತ್ರ ನೆಲ ಬಿಡಲಿಲ್ಲ. ಇಂಥ ಬಿಗುವಿನ ನಡುವೆಯೂ 1930ರ ದಶಕದಲ್ಲಿ ಗುಲಬರ್ಗಾದ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳಿಗಾಗಿ ಮಹಾದೇವಿ ಶಾಲೆ ತೆರೆದರು. ಆಗಿನ ಕಾಲಕ್ಕೆ ಅದು ಸಣ್ಣ ಹೆಜ್ಜೆಯಲ್ಲ.

ಸಾಕ್ಷಿಯಾಗಿ ಮಾತ್ರ ಬೇಕಾದವಳು

1947-48ರಲ್ಲಿ ಕಾಸಿಂ ರಜ್ವಿಯ ರಜಾಕಾರರ ಅಬ್ಬರದಲ್ಲಿ ಪತ್ರಿಕೆಗೆ ಉಳಿದದ್ದು ಎರಡೇ ದಾರಿ: ಹೊಗಳುವುದು ಇಲ್ಲವೇ ಮುಚ್ಚುವುದು. ಮೂರನೆಯ ದಾರಿ ಹಿಡಿದ ‘ಇಮ್ರೋಜ್’ ಸಂಪಾದಕ ಶೋಯಬುಲ್ಲಾ ಖಾನರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಂದರು. ಉರ್ದು ಪತ್ರಿಕೋದ್ಯಮವೆಲ್ಲ ಅರಮನೆಯ ಕಡೆಗಿತ್ತು ಎನ್ನುವವರು ಈ ಹೆಸರನ್ನು ಮರೆಯಬಾರದು.

ಆಗ ಗಡಿಯ ಹೊರಗಿನ ಪತ್ರಿಕೆಗಳಲ್ಲಿ ಹೆಣ್ಣು ಕಂಡಳು, ದೌರ್ಜನ್ಯದ ಸಾಕ್ಷಿಯಾಗಿ. ಆ ದೌರ್ಜನ್ಯ ನಿಜ. ಆದರೆ ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ನಡೆಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಂ ಕುಟುಂಬಗಳ ಮೇಲೆ ನಡೆದ ಹಿಂಸೆಗೆ ಆ ಪುಟಗಳಲ್ಲಿ ಜಾಗ ಸಿಗಲಿಲ್ಲ. ಅದನ್ನು ವಿಚಾರಿಸಲು ಕೇಂದ್ರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಾಗಿ ಅದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ಹೆಸರಿಸಿತು. ಹೆಂಗಸರ ಮೇಲಿನ ಅತ್ಯಾಚಾರ, ಅಪಹರಣ ಆ ವರದಿಯಲ್ಲಿವೆ. ದಶಕಗಳ ಕಾಲ ಸರ್ಕಾರ ಅದನ್ನು ಹೊರಗೆ ಬಿಡಲಿಲ್ಲ. ಅರಸ ಹೋದರೂ, ತಮಗೆ ಬೇಕಾದ ಹೆಣ್ಣಿನ ನೋವನ್ನು ಮಾತ್ರ ಅಚ್ಚು ಹಾಕುವ ಚಾಳಿ ಹೋಗಲಿಲ್ಲ.

1975: ಕೊಡುಗೆಯ ಸುದ್ದಿ

1975 ಅಂತರರಾಷ್ಟ್ರೀಯ ಮಹಿಳಾ ವರ್ಷ. ಭಾರತದ ಮಹಿಳೆಯರ ಸ್ಥಿತಿಗತಿ ಕುರಿತ ಸಮಿತಿ, 1901ರಲ್ಲಿ ಸಾವಿರ ಗಂಡಸರಿಗೆ 972 ಇದ್ದ ಹೆಂಗಸರ ಸಂಖ್ಯೆ 1971ಕ್ಕೆ 930ಕ್ಕೆ ಇಳಿದಿದೆ ಎಂಬ ಕಹಿಸತ್ಯವನ್ನು ಆಗಷ್ಟೇ ದೇಶದ ಮುಂದಿಟ್ಟಿತ್ತು. ಅದರ ಮೇಲೆ ಬಿಸಿಬಿಸಿ ಚರ್ಚೆ ನಡೆಯಬೇಕಾದ ವರ್ಷದಲ್ಲೇ, ಜೂನ್ 25ರ ರಾತ್ರಿ, ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. 1976ರಲ್ಲಿ ನಾಲ್ಕು ಸುದ್ದಿಸಂಸ್ಥೆಗಳನ್ನು ಸೇರಿಸಿ ‘ಸಮಾಚಾರ್’ ಎಂಬ ಒಂದೇ ಸಂಸ್ಥೆ ಮಾಡಿದರು. ಸುದ್ದಿಯ ಮೂಲವೇ ಒಂದಾದ ಮೇಲೆ ಊರಿಗೆ ಬರುವ ಪತ್ರಿಕೆಯ ಹೆಸರು ಯಾವುದಾದರೇನು?

ಈ ಕಾಲದಲ್ಲಿ ಒಳ್ಳೆಯ ಕಾನೂನುಗಳೂ ಬಂದವು, ಅದನ್ನು ಅಲ್ಲಗಳೆಯಬಾರದು. 1975ರ ಸೆಪ್ಟೆಂಬರ್‌ನಲ್ಲಿ ಸಮಾನ ವೇತನದ ಸುಗ್ರೀವಾಜ್ಞೆ ಹೊರಟಿತು, ಮರುವರ್ಷ ಕಾಯ್ದೆಯಾಯಿತು. ಜೀತ ರದ್ದಾಯಿತು. ಶಹಾಬಾದಿನ ಖಣಿಯ ಹೆಂಗಸಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇರೆ ಏನಿದ್ದೀತು? ಆದರೆ ಕಾನೂನು ಬಂತೆಂದು ಬರೆಯಲು ಅಡ್ಡಿಯಿರಲಿಲ್ಲ. ಅದು ಖಣಿಗೆ ಇಳಿಯಿತೋ ಇಲ್ಲವೋ ಎಂದು ಕೆದಕಿ ಬರೆಯಲು ಸೆನ್ಸಾರಿನ ಭಯವಿತ್ತು. ಬುಟ್ಟಿ ಹೊರುವ ಕೆಲಸಕ್ಕೂ ಬಂಡೆ ಎಬ್ಬಿಸುವ ಕೆಲಸಕ್ಕೂ ಕೂಲಿ ಬೇರೆಯೇ ಆಗಿರುವ ತನಕ ‘ಸಮಾನ ಕೆಲಸ’ ಎಂಬ ಮಾತಿನ ಆಚೆಗೇ ಅವಳನ್ನು ನಿಲ್ಲಿಸಬಹುದು. ಈ ಜಾಣತನವನ್ನು ಬಯಲಿಗೆಳೆಯುವುದು ಪತ್ರಿಕೆಯ ಕೆಲಸವಾಗಿತ್ತು.

1976ರ ಏಪ್ರಿಲ್‌ನ ರಾಷ್ಟ್ರೀಯ ಜನಸಂಖ್ಯಾ ನೀತಿ ಹೆಣ್ಣಿನ ಮದುವೆಯ ವಯಸ್ಸನ್ನು 18ಕ್ಕೆ ಏರಿಸಲು ನಿರ್ಧರಿಸಿತು. ಅದೇ ನೀತಿ ಸಂತಾನಹರಣ ಚಿಕಿತ್ಸೆಗೆ ದರಪಟ್ಟಿಯನ್ನೂ ಕೊಟ್ಟಿತು: ಎರಡು ಮಕ್ಕಳಾದ ಮೇಲೆ ಮಾಡಿಸಿಕೊಂಡರೆ 150 ರೂಪಾಯಿ, ಮೂರಾದ ಮೇಲೆ 100, ನಾಲ್ಕು ಅಥವಾ ಹೆಚ್ಚಾದರೆ 70. ಇದನ್ನು ಹಿಟ್ಲರನ ಜರ್ಮನಿಯ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ನಾಜಿ ಪಕ್ಷದ ಅಧಿಕೃತ ಮಹಿಳಾ ಪತ್ರಿಕೆ ‘ಎನ್‌ಎಸ್ ಫ್ರೌವೆನ್ ವಾರ್ಟೆ’ ತಾಯ್ತನವನ್ನು ರಾಷ್ಟ್ರಸೇವೆ ಎಂದು ಹಾಡಿ ಹೊಗಳಿತು. ನಾಲ್ಕು ಮಕ್ಕಳ ತಾಯಿಗೆ ಕಂಚು, ಆರಕ್ಕೆ ಬೆಳ್ಳಿ, ಎಂಟಕ್ಕೆ ಚಿನ್ನದ ಪದಕ. ಅಲ್ಲಿ ಮಕ್ಕಳು ಹೆಚ್ಚಿದಂತೆ ಮಾನ ಏರಿತು, ಇಲ್ಲಿ ಹೆಚ್ಚಿದಂತೆ ಹಣ ಇಳಿಯಿತು. ಉದ್ದೇಶ ಬೇರೆ, ಕ್ರೌರ್ಯದ ಪ್ರಮಾಣವೂ ಬೇರೆ. ಹೆಣ್ಣನ್ನು ಬಸಿರಿನಿಂದ ಎಣಿಸುವುದು ಮಾತ್ರ ಎರಡೂ ಕಡೆ ಒಂದೇ. ನಿನಗೆ ಎಷ್ಟು ಬೇಕಮ್ಮಾ ಎಂದು ಎರಡೂ ಕಡೆ ಆಕೆಯನ್ನು ಕೇಳಲಿಲ್ಲ.

‘ನಾವಿಬ್ಬರು, ನಮಗಿಬ್ಬರು’ ಎಂದು ನಗುವ ಸಂಸಾರ, ಪಕ್ಕದಲ್ಲಿ ಕುಟುಂಬ ಯೋಜನೆಯ ಗುರುತಾದ ಕೆಂಪು ತ್ರಿಕೋನ: ಜಾಹೀರಾತಿನ ಈ ಚಿತ್ರದ ಹಿಂದೆ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಗಂಡಸರದು. ಸಿಟ್ಟೆದ್ದ ಗಂಡಸರು 1977ರಲ್ಲಿ ಮತಪೆಟ್ಟಿಗೆಯಲ್ಲಿ ಉತ್ತರ ಕೊಟ್ಟರು. ನಂತರದ ಸರ್ಕಾರಗಳು ಗಂಡಸರ ತಂಟೆಗೆ ಹೋಗಲಿಲ್ಲ. ಭಾರವನ್ನೆಲ್ಲ ಹೆಂಗಸಿನ ಮೇಲೆ ಹಾಕಿದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ವಿವಾಹಿತರ ಪೈಕಿ ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆಯ ಪಾಲು ಶೇಕಡಾ 37.9, ಗಂಡಸರದು 0.3. ಸೆನ್ಸಾರಿನ ನೆರಳಲ್ಲಿ ಪ್ರಶ್ನೆಯಿಲ್ಲದೆ ಬೆಳೆದ ಕಾರ್ಯಕ್ರಮದ ಬಾಕಿಯನ್ನು ನಮ್ಮ ಹೆಣ್ಣುಮಕ್ಕಳು ಇಂದಿಗೂ ತೀರಿಸುತ್ತಿದ್ದಾರೆ.

ನಗುವ ತಾಯಿಗೆ ಪುಟ ಸಿಕ್ಕಿತು, ಎದುರು ನಿಂತವಳಿಗೆ ಸಿಗಲಿಲ್ಲ. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ಕನ್ನಡಿಗರ ಮನಸ್ಸಿನಲ್ಲಿ ನಿಂತ ಸ್ನೇಹಲತಾ ರೆಡ್ಡಿ 1976ರ ಮೇ ತಿಂಗಳಲ್ಲಿ ಬಂಧಿತರಾದರು. ಉಬ್ಬಸದ ರೋಗಿ, ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ನರಳಿದರು. ಪೆರೋಲ್ ಮೇಲೆ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು. ಸೆರೆಯಲ್ಲಿ ಅವರು ಬರೆದ ದಿನಚರಿ ಅಚ್ಚಾಗಿದ್ದು ಅವರ ಸಾವಿನ ನಂತರ.

ಈಗ ಮಾಡಬೇಕಾದದ್ದು

2018ರಲ್ಲಿ ಕಾಳಗಿ ತಾಲ್ಲೂಕಾಯಿತು. ಇಂದು ಇಲ್ಲಿ ಕನ್ನಡ ಪತ್ರಿಕೆ ಬೆಳಗಾದರೆ ಮನೆ ಬಾಗಿಲಿಗೆ ಬರುತ್ತದೆ, ಫರ್ಮಾನೂ ಇಲ್ಲ, ಸೆನ್ಸಾರೂ ಇಲ್ಲ. ಆದರೂ ಯಾವ ಪಕ್ಷದ ಸರ್ಕಾರವಿರಲಿ, ಪುಟಗಟ್ಟಲೆ ಜಾಹೀರಾತಿನಲ್ಲಿ ಹೆಣ್ಣು ಕೈಮುಗಿದು ನಗುತ್ತಲೇ ಇದ್ದಾಳೆ. ಆ ಜಾಹೀರಾತಿನ ಬೆನ್ನಿಗೆ ಸುದ್ದಿಯ ಪುಟದಲ್ಲಿ ಆಕೆಯ ಪ್ರಶ್ನೆಯೂ ಬಂದರೆ ಪ್ರಜಾಪ್ರಭುತ್ವ. ಬರದಿದ್ದರೆ ಹಳೆಯ ಚಾಳಿ.

1935ರಲ್ಲಿ ಹುಟ್ಟಿದವರಿಗೆ ಈಗ ತೊಂಬತ್ತರ ಆಸುಪಾಸು. ಎರಡೂ ಕಾಲ ಕಂಡ ಅವ್ವ, ಆಯಿಗಳು ಇನ್ನೂ ಕೆಲವು ಮನೆಗಳ ಕಟ್ಟೆಯ ಮೇಲೆ ಕೂತಿದ್ದಾರೆ. ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ತಾಲ್ಲೂಕಿಗೊಬ್ಬರಂತೆ ವರದಿಗಾರರಿದ್ದಾರೆ. ಖಣಿಯ ಕೂಲಿ ಎಷ್ಟಿತ್ತು, ಆಪರೇಷನ್ ಕ್ಯಾಂಪಿಗೆ ಯಾರು ಕರೆದೊಯ್ದರು, ರಜಾಕಾರರ ದಿನಗಳಲ್ಲೂ ಅದರ ನಂತರವೂ ಹಿಂದೂ ಮುಸ್ಲಿಂ ಹೆಂಗಸರು ಯಾರ ಮನೆಯಲ್ಲಿ ಅಡಗಿದ್ದರು ಎಂದು ಈ ವರ್ಷವೇ ಅವರನ್ನು ಕೇಳಿ, ಅವರ ಮಾತಿನಲ್ಲೇ ಬರೆದಿಡಬೇಕು. ಮುಂದಿನ ಸೆಪ್ಟೆಂಬರ್ 17ರ ವಿಶೇಷ ಪುಟದಲ್ಲಿ ಅರ್ಧವಾದರೂ ಅವರದಾಗಬೇಕು.